ನಾಳೆ ಅಂದ ತಕ್ಷಣ ಎರಡೆರಡು ‘ವಿಲ್’ ಯಾಕೆ?

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಪರೀಕ್ಷೆ ಹತ್ರ ಬಂದಾಗೆಲ್ಲ ನಿಮ್ಮ ಪೇಪರ್‌ನ ವಿದ್ಯಾರ್ಥಿ ಪುಟದಲ್ಲಿ ಇಂಗ್ಲಿಷ್ ಟೆನ್ಸ್ ಟೇಬಲ್ ಹಾಕ್ತೀರ, ಹಾಕಲೇಬೇಕು, ಇಲ್ಲಿ ಚಿಕ್ಕಮಗಳೂರಲ್ಲಿ ನನ್ನ ಹತ್ರ ಸ್ಪೋಕನ್ ಇಂಗ್ಲಿಷ್‌ಗೆ ಬರೋ ಹುಡುಗ ಹುಡುಗೀರು ಅದನ್ನ ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸ್ಕೊಂಡಿರ್ತಾರೆ. ಆದ್ರೆ ಆ ಟೇಬಲ್‌ನಲ್ಲಿ ‘ನಾಳೆ’ ಅಂದ್ರೆ ‘ವಿಲ್’ ಅಂತ ಒಂದೇ ಸಾಲಲ್ಲಿ ಮುಗಿಸಿಬಿಡ್ತಾರೆ, ಅಂಗಡೀಲಿ ಸಿಗೋ ಗೈಡ್‌ಗಳಲ್ಲೂ ಅಷ್ಟೇ. ಮೂರು ಪದದ ವಾಕ್ಯಕ್ಕೆ ಅದು ಸಾಕು. ವಾಕ್ಯ ಸ್ವಲ್ಪ ಉದ್ದ ಆಗಿ ಅದರೊಳಗೆ ‘ಹೂ’, ‘ವಿಚ್’, ‘ದಟ್’ ಅಂತ ಇನ್ನೊಂದು ಸಣ್ಣ ವಾಕ್ಯ ಸೇರ್ಕೊಂಡ್ರೆ ಇಂಗ್ಲಿಷ್ ಮಾತಾಡೋ ಜನ ಆ ರೂಲನ್ನ ಕೈ ಬಿಟ್ಟುಬಿಡ್ತಾರೆ, ಎಲ್ಲಿ ಬಿಡ್ತಾರೆ ಎಲ್ಲಿ ಬಿಡಲ್ಲ ಅನ್ನೋದಕ್ಕೂ ಒಂದು ಲೆಕ್ಕ ಇದೆ, ಅದನ್ನ ನಮ್ಮ ಮಕ್ಕಳಿಗೆ ಯಾರೂ ಕೂತು ಹೇಳ್ಕೊಡ್ತಿಲ್ಲ. ಇದರ ಬಗ್ಗೇನೇ ಈ ಪತ್ರ, ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ಮೂಡಿಗೆರೆ ಕಡೆ ಒಂದು ಹೋಂಸ್ಟೇಲಿ ಬುಕಿಂಗ್ ನೋಡ್ಕೊಳ್ಳೋ ಹುಡುಗ ಒಬ್ಬ ನನ್ನ ಕ್ಲಾಸಿಗೆ ಬರ್ತಾನೆ, ಕನ್ನಡ ಮೀಡಿಯಂ, ಬುದ್ಧಿವಂತ. ಗೆಸ್ಟ್‌ಗಳು ಬೆಂಗಳೂರು, ಚೆನ್ನೈ, ಹೈದರಾಬಾದ್ ಅಂತ ಎಲ್ಲಾ ಕಡೆಯಿಂದ ಬರ್ತಾರೆ, ಹಾಗಾಗಿ ವಾಟ್ಸಾಪ್ ಪೂರ್ತಿ ಇಂಗ್ಲಿಷಲ್ಲೇ ನಡೆಯುತ್ತೆ. ಅವನು ಕಳಿಸೋ ಮೆಸೇಜ್ ಹೀಗಿತ್ತು: “ಗೆಸ್ಟ್ಸ್ ಹೂ ವಿಲ್ ಕಮ್ ಆಫ್ಟರ್ ನೈನ್ ವಿಲ್ ನಾಟ್ ಗೆಟ್ ಡಿನ್ನರ್.” ಅರ್ಥ ಆಗುತ್ತೆ, ಆಗಲ್ಲ ಅಂತಲ್ಲ. ಆದ್ರೆ ಇಂಗ್ಲಿಷ್ ಮನೆಮಾತಾಗಿರೋರು ಇದನ್ನ ಹೇಳೋದು “ಗೆಸ್ಟ್ಸ್ ಹೂ ಅರೈವ್ ಆಫ್ಟರ್ ನೈನ್ ವಿಲ್ ನಾಟ್ ಗೆಟ್ ಡಿನ್ನರ್” ಅಂತ, ಒಂದೇ ‘ವಿಲ್’. ಇನ್ನೊಂದು ಮೆಸೇಜಲ್ಲಿ ಅವನು ನಮ್ಮ ಕನ್ನಡದ “ಮೊದಲು ಬಂದವರಿಗೆ ವ್ಯಾಲಿ ವ್ಯೂ ರೂಮ್ ಸಿಗುತ್ತೆ” ಅನ್ನೋದನ್ನ ಹಾಗೇ ಎತ್ತಿ “ದ ಗೆಸ್ಟ್ ಹೂ ಕೇಮ್ ಫಸ್ಟ್ ವಿಲ್ ಗೆಟ್ ದ ವ್ಯಾಲಿ ವ್ಯೂ ರೂಮ್” ಅಂತ ಹಾಕಿದ್ದ. ಇದು ಮೊದಲನೇದಕ್ಕಿಂತ ತೊಂದರೆ, ಯಾಕಂದ್ರೆ ಇಂಗ್ಲಿಷಲ್ಲಿ ಇದನ್ನ ಓದಿದವರಿಗೆ ಯಾರೋ ಆಗ್ಲೇ ಬಂದಿದ್ದಾರೆ, ರೂಮ್ ಅವರಿಗೆ ಹೋಯ್ತು ಅಂತಲೇ ಅನ್ಸೋದು. ಒಂದು ಫ್ಯಾಮಿಲಿ ಹಾಗೇ ತಿಳ್ಕೊಂಡು, ಆ ರೂಮ್ ಕೊಟ್ಟಾಯ್ತಾ, ಹಾಗಿದ್ರೆ ನಾವು ಬೇರೆ ಕಡೆ ನೋಡ್ಕೋತೀವಿ ಅಂತ ತಿರುಗಿ ಬರೆದ್ರು. “ದ ಫಸ್ಟ್ ಗೆಸ್ಟ್ ಹೂ ಅರೈವ್ಸ್ ವಿಲ್ ಗೆಟ್ ಇಟ್” ಅಂತ ಬರೆದಿದ್ರೆ ಈ ಗೊಂದಲವೇ ಇರ್ತಿರ್ಲಿಲ್ಲ.

ಇಂಗ್ಲಿಷ್‌ನೋರು ಮಾಡೋದು ಇಷ್ಟು. ಮುಖ್ಯ ಕ್ರಿಯಾಪದದ ಜೊತೆ ‘ವಿಲ್’ ಬಂದು ಇದು ಮುಂದೆ ಆಗೋ ವಿಷಯ ಅಂತ ಒಂದ್ಸಲ ಗೊತ್ತಾದ್ರೆ, ಯಾರ ಬಗ್ಗೆ ಹೇಳ್ತಿದ್ದೀವಿ ಅಂತ ಗುರುತು ಹಿಡಿಯೋಕೆ ಬರೋ ‘ಹೂ’ ಭಾಗಕ್ಕೆ ಮತ್ತೆ ‘ವಿಲ್’ ಹಾಕಲ್ಲ, ಸಾದಾ ವರ್ತಮಾನ ಸಾಕು ಅಂತ ಬಿಡ್ತಾರೆ. ಅದರಲ್ಲೂ ಆ ವ್ಯಕ್ತಿ ಯಾರು ಅಂತ ಇನ್ನೂ ಗೊತ್ತಿಲ್ದೇ ಇದ್ದಾಗ, ‘ಎನಿಒನ್ ಹೂ’, ‘ಹೂಎವರ್’, ‘ದ ಫಸ್ಟ್ ಪರ್ಸನ್ ಹೂ’, ‘ಎವ್ರಿಒನ್ ಹೂ’ ಅಂತ ಶುರುವಾದಾಗ ಇದು ಹೆಚ್ಚುಕಮ್ಮಿ ಖಾಯಂ. “ಐ ವಿಲ್ ಗಿವ್ ಎ ರಿವಾರ್ಡ್ ಟು ಹೂಎವರ್ ಫೈಂಡ್ಸ್ ಮೈ ಫೋನ್.” ಫೋನ್ ಸಿಗೋದು ಮುಂದೆ, ಆದ್ರೂ ‘ಫೈಂಡ್ಸ್’. ‘ಇಫ್’, ‘ವೆನ್’ ಬಂದಾಗ ‘ವಿಲ್’ ಹಾಕಬಾರದು ಅಂತ ನಮ್ಮ ಮೇಷ್ಟ್ರುಗಳು ಚೆನ್ನಾಗೇ ಹೇಳ್ಕೊಡ್ತಾರೆ, “ಇಫ್ ಇಟ್ ರೇನ್ಸ್” ಅಂತ ಮಕ್ಕಳೂ ಸರಿಯಾಗೇ ಬರೀತಾರೆ, ‘ಹೂ’ ವಾಕ್ಯಕ್ಕೂ ಬಹಳ ಸಲ ಅದೇ ಅಭ್ಯಾಸ ನಡೆಯುತ್ತೆ ಅನ್ನೋದನ್ನ ಮಾತ್ರ ಅಲ್ಲಿಗೇ ಬಿಟ್ಟುಬಿಡ್ತಾರೆ. ಒಳಗೆ ನೋಡಿದ್ರೆ ಎರಡೂ ಒಂದೇ, “ಲೇಟಾಗಿ ಬಂದ್ರೆ ಊಟ ಇಲ್ಲ” ಅಂದ್ರೂ “ಲೇಟಾಗಿ ಬಂದವರಿಗೆ ಊಟ ಇಲ್ಲ” ಅಂದ್ರೂ ಹೇಳೋದು ಒಂದೇ ಷರತ್ತು ತಾನೇ.

ಹಾಗಂತ ‘ಹೂ’ ಪಕ್ಕದಲ್ಲಿ ‘ವಿಲ್’ ಕಂಡ ಕೂಡ್ಲೇ ಕೆಂಪು ಇಂಕಲ್ಲಿ ಗೀಚೋದೂ ತಪ್ಪು, ಇದನ್ನ ನಾನು ಒತ್ತಿ ಹೇಳಬೇಕು. “ದ ಮ್ಯಾನ್ ಹೂ ವಿಲ್ ರನ್ ದ ಎಸ್ಟೇಟ್ ನೆಕ್ಸ್ಟ್ ಇಯರ್ ಈಸ್ ಸಿಟ್ಟಿಂಗ್ ದೇರ್” ಅನ್ನೋ ವಾಕ್ಯ ನೋಡಿ. ಮುಂದಿನ ವರ್ಷ ತೋಟ ನೋಡ್ಕೊಳ್ಳೋ ಮನುಷ್ಯ ಅಲ್ಲಿ ಕೂತಿದ್ದಾನೆ. ಇಲ್ಲಿ ಮುಖ್ಯ ವಾಕ್ಯ ಈಗಿನದು, ಕೂತಿರೋದು ಈಗ, ಹಾಗಾಗಿ ತೋಟದ ಮಾತು ಮುಂದಿನದು ಅಂತ ತೋರಿಸೋಕೆ ‘ವಿಲ್’ ಬೇಕೇ ಬೇಕು, ತೆಗೆದು ‘ರನ್ಸ್’ ಅಂದ್ರೆ ಈಗ್ಲೇ ನಡೆಸ್ತಿದ್ದಾನೆ ಅಂತ ಆಗಿಬಿಡುತ್ತೆ. ಅದೇ ರೀತಿ ಹೆಸರು ಹೇಳಿ, ಕಾಮಾ ಹಾಕಿ, ಅವರ ಬಗ್ಗೆ ಇನ್ನೊಂದು ಸುದ್ದಿ ಸೇರಿಸಿದಾಗಲೂ ‘ವಿಲ್’ ಉಳಿಯುತ್ತೆ: “ದ ಮಿನಿಸ್ಟರ್, ಹೂ ವಿಲ್ ಅರೈವ್ ಅಟ್ ಟೆನ್, ವಿಲ್ ಓಪನ್ ದ ಬಿಲ್ಡಿಂಗ್.” ಮಿನಿಸ್ಟರ್ ಯಾರು ಅಂತ ಓದೋರಿಗೆ ಆಗ್ಲೇ ಗೊತ್ತು, ಹತ್ತು ಗಂಟೆಗೆ ಬರ್ತಾರೆ ಅನ್ನೋದು ಹೊಸ ಸುದ್ದಿ, ಗುರುತು ಹಿಡಿಯೋಕೆ ಬಂದಿದ್ದಲ್ಲ. “ದ ಡೇ ವಿಲ್ ಕಮ್ ವೆನ್ ವಿ ವಿಲ್ ಆಲ್ ನೀಡ್ ದಿಸ್ ವಾಟರ್” ಅನ್ನೋದರಲ್ಲೂ ಎರಡು ‘ವಿಲ್’ ಸರಿಯಾಗೇ ಕೂತಿದೆ, ಯಾಕಂದ್ರೆ ‘ವೆನ್’ ಆದ್ಮೇಲೆ ಬರೋದೇ ಆ ವಾಕ್ಯದ ಮುಖ್ಯ ಮಾತು. ಬಸ್ಸು, ರೈಲು, ಕ್ಲಾಸ್ ಟೈಮ್‌ಟೇಬಲ್ ಇದ್ದಾಗ ಮಾತ್ರ ‘ವಿಲ್’ ಇಲ್ದೇನೂ ನಡೆಯುತ್ತೆ, “ದ ಬಸ್ ದಟ್ ಲೀವ್ಸ್ ಅಟ್ ಸಿಕ್ಸ್ ಟುಮಾರೋ.”

ಇನ್ನೊಂದು ‘ವಿಲ್’ ಇದೆ, ಅದಕ್ಕೂ ನಾಳೆಗೂ ಸಂಬಂಧವೇ ಇಲ್ಲ. “ಹೀ ಟೆಲ್ಸ್ ಹಿಸ್ ಸ್ಟೋರಿ ಟು ಎನಿಒನ್ ಹೂ ವಿಲ್ ಲಿಸನ್” ಅಂದ್ರೆ ಕೇಳೋಕೆ ಮನಸ್ಸಿರೋ ಯಾರಿಗಾದ್ರೂ ಕಥೆ ಹೇಳ್ತಾನೆ ಅಂತ. ಒಪ್ಪಿಗೆ, ಇಷ್ಟ, ತಯಾರಿರೋದು, ಇದು ಆ ಕ್ರಿಯಾಪದದ ಹಳೇ ಕೆಲಸ, ಕಾಲ ಹೇಳೋ ಕೆಲಸ ಆಮೇಲೆ ಹತ್ತಿದ್ದು. 2002ರಲ್ಲಿ ಕೇಂಬ್ರಿಡ್ಜ್‌ನಿಂದ ಬಂದ ದೊಡ್ಡ ಇಂಗ್ಲಿಷ್ ವ್ಯಾಕರಣದಲ್ಲಿ ಹಡಲ್‌ಸ್ಟನ್ ಮತ್ತು ಪುಲಮ್ ಅನ್ನೋ ಭಾಷಾ ವಿದ್ವಾಂಸರು ಇಂಗ್ಲಿಷಿಗೆ ಭವಿಷ್ಯತ್ ಕಾಲ ಅಂತ ಪ್ರತ್ಯೇಕ ಟೆನ್ಸೇ ಇಲ್ಲ ಅಂತಾರೆ. ಕ್ರಿಯಾಪದದ ರೂಪ ನೋಡಿದ್ರೆ ಭೂತ, ವರ್ತಮಾನ ಎರಡೇ, ಮುಂದಿನದನ್ನ ಹೇಳೋಕೆ ‘ವಿಲ್’, ‘ಗೋಯಿಂಗ್ ಟು’, ಸಾದಾ ವರ್ತಮಾನ ಅಂತ ಏನೇನೋ ಬಳಸ್ತಾರೆ. ಎಲ್ಲರೂ ಇದನ್ನ ಒಪ್ಪಲ್ಲ ಬಿಡಿ, ಆದ್ರೆ ಮಕ್ಕಳಿಗೆ ಇಷ್ಟು ಗೊತ್ತಿದ್ರೆ “ನಾಳೆ ಅಂತಿದೆಯಲ್ಲ ಸರ್, ‘ವಿಲ್’ ಎಲ್ಲಿ” ಅನ್ನೋ ಗಾಬರಿ ಅರ್ಧ ಇಳಿಯುತ್ತೆ.

ಇಂಗ್ಲಿಷೂ ಮೊದಲಿಂದ ಹೀಗೇ ಇರ್ಲಿಲ್ಲ. 1611ರ ಇಂಗ್ಲಿಷ್ ಬೈಬಲ್ ತೆಗೆದ್ರೆ ಮತ್ತಾಯನ 24ನೇ ಅಧ್ಯಾಯದಲ್ಲಿ “ಹೀ ದಟ್ ಶಲ್ ಎಂಡ್ಯೂರ್ ಅಂಟು ದಿ ಎಂಡ್, ದ ಸೇಮ್ ಶಲ್ ಬಿ ಸೇವ್ಡ್” ಅಂತಿದೆ, ಕೊನೇತನಕ ತಾಳಿದವನು ರಕ್ಷಣೆ ಹೊಂದುವನು ಅಂತ, ನೋಡಿ ಎರಡೂ ಕಡೆ ‘ಶಲ್’. 1787ರ ಅಮೆರಿಕದ ಸಂವಿಧಾನದಲ್ಲೂ ಇಪ್ಪತ್ತೈದು ವರ್ಷ ತುಂಬದವರು ಪ್ರತಿನಿಧಿ ಆಗೋ ಹಾಗಿಲ್ಲ ಅನ್ನೋ ಜಾಗದಲ್ಲಿ “ಹೂ ಶಲ್ ನಾಟ್ ಹ್ಯಾವ್ ಅಟೇನ್ಡ್” ಅಂತ ‘ಹೂ’ ಪಕ್ಕದಲ್ಲೇ ‘ಶಲ್’ ಇದೆ. ಅಂದ್ರೆ ನಮ್ಮ ಮಕ್ಕಳು ಎರಡು ಸಲ ‘ವಿಲ್’ ಹಾಕೋದು ಬುದ್ಧಿ ಇಲ್ದೇ ಮಾಡಿದ ಕೆಲಸ ಏನಲ್ಲ, ಒಂದು ಕಾಲಕ್ಕೆ ಇಂಗ್ಲಿಷ್‌ನ ದೊಡ್ಡ ದೊಡ್ಡ ಬರಹಗಳೇ ಹೆಚ್ಚುಕಮ್ಮಿ ಹಾಗೆ ಬರೀತಿದ್ವು.

ಆಮೇಲೆ ನಮ್ಮದೇ ದೇಶದ ಕಾನೂನು ನೋಡಿ. ಮೆಕಾಲೆ ಕರಡು ಮಾಡಿ, 1860ರಲ್ಲಿ ಪಾಸಾಗಿ, 1862ರ ಜನವರಿ 1ರಿಂದ ಜಾರಿಗೆ ಬಂದ ಐಪಿಸಿಯ 379ನೇ ಸೆಕ್ಷನ್ “ಹೂಎವರ್ ಕಮಿಟ್ಸ್ ಥೆಫ್ಟ್ ಶಲ್ ಬಿ ಪನಿಶ್ಡ್” ಅಂತ ಶುರುವಾಗುತ್ತೆ. ಕಳ್ಳತನ ಇನ್ನೂ ಆಗಿಲ್ಲ, ಮಾಡೋನು ಯಾರು ಅಂತಾನೂ ಗೊತ್ತಿಲ್ಲ, ಆದ್ರೂ ಅಲ್ಲಿ ಸಾದಾ ‘ಕಮಿಟ್ಸ್’, ಮುಂದಿನ ಮಾತೆಲ್ಲ ಶಿಕ್ಷೆ ಹೇಳೋ ‘ಶಲ್’ ಮೇಲೆ ಮಾತ್ರ. 302ನೇ ಸೆಕ್ಷನ್ ಕೊಲೆಯದ್ದೂ ಇದೇ ಅಚ್ಚು. 2024ರ ಜುಲೈ 1ಕ್ಕೆ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು, ಕಳ್ಳತನ 303ನೇ ಸೆಕ್ಷನ್‌ಗೆ ಹೋಯ್ತು, ಆದ್ರೆ ‘ಹೂಎವರ್ ಕಮಿಟ್ಸ್’ ಅನ್ನೋ ಕಟ್ಟು ಹಾಗೇ ಇದೆ. ಹೈಸ್ಕೂಲ್ ಇಂಗ್ಲಿಷ್ ಕ್ಲಾಸಲ್ಲಿ ಈ ಒಂದು ಸಾಲು ಬೋರ್ಡ್ ಮೇಲೆ ಬರೆದು ಎರಡು ಕ್ರಿಯಾಪದಕ್ಕೂ ಅಡ್ಡಗೆರೆ ಎಳೆದು ತೋರಿಸಿದ್ರೆ ಹತ್ತು ಪುಟ ಗೈಡ್ ಓದೋದಕ್ಕಿಂತ ಗಟ್ಟಿಯಾಗಿ ಮನಸ್ಸಲ್ಲಿ ನಿಲ್ಲುತ್ತೆ ಅಂತ ನನ್ನ ನಂಬಿಕೆ.

ಈಗ ಕನ್ನಡದ ವಿಷಯ, ಈ ಪತ್ರ ಬರೆಯೋಕೆ ನಿಜವಾದ ಕಾರಣ ಇದೇ. ಕನ್ನಡದಲ್ಲಿ ‘ಹೂ’ ಥರದ ಪದ ಇಟ್ಟು ವಾಕ್ಯ ಬೆಳೆಸೋ ಅಗತ್ಯವೇ ಇಲ್ಲ, ಕ್ರಿಯಾಪದವನ್ನೇ ವಿಶೇಷಣದ ಹಾಗೆ ನಾಮಪದದ ಮುಂದೆ ಇಡ್ತೀವಿ, ಬಂದ ಗೆಸ್ಟು, ಬರೋ ಗೆಸ್ಟು, ಬರದ ಗೆಸ್ಟು. ಹೈಸ್ಕೂಲಿನ ಕನ್ನಡ ಪುಸ್ತಕದಲ್ಲಿ ಕೃದಂತ ಅಂತ ಪಾಠ ಮಾಡ್ತಾರಲ್ಲ ಅದೇ. ಇದರೊಳಗಿರೋ ಕಾಲ ಗಡಿಯಾರ ನೋಡಿ ಬರೋದಲ್ಲ, ಮುಖ್ಯ ಕೆಲಸಕ್ಕಿಂತ ಮುಂಚೆಯೋ ಆಮೇಲೆಯೋ ಅನ್ನೋದು ಇಲ್ಲಿ ಮುಖ್ಯ. “ನಾಳೆ ಮೊದಲು ಬಂದವರಿಗೆ ಒಳ್ಳೇ ರೂಮ್ ಕೊಡ್ತೀವಿ” ಅಂತೀವಿ, ನಾಳೆ ಅಂತ ಬಾಯಲ್ಲಿ ಹೇಳ್ತಾನೇ ‘ಬಂದ’ ಅನ್ನೋ ಭೂತಕಾಲದ ರೂಪ ಹಾಕ್ತೀವಿ, ಯಾಕಂದ್ರೆ ಬರೋದು ಮೊದಲು, ರೂಮ್ ಕೊಡೋದು ಆಮೇಲೆ. ಅದೇ “ನಾಳೆ ಬರೋರಿಗೆ ಇವತ್ತು ರಾತ್ರಿನೇ ರೂಮ್ ರೆಡಿ ಮಾಡ್ತೀವಿ” ಅನ್ನೋ ಕಡೆ ‘ಬಂದವರಿಗೆ’ ಹಾಕಿ ನೋಡಿ, ಆಗೋದೇ ಇಲ್ಲ, ಮೂರನೇ ಕ್ಲಾಸ್ ಮಗೂನೂ ಅದು ಸರಿ ಇಲ್ಲ ಅನ್ನುತ್ತೆ, ಯಾಕಂದ್ರೆ ಅಲ್ಲಿ ರೆಡಿ ಮಾಡೋದು ಮೊದಲು, ಅವರು ಬರೋದು ಆಮೇಲೆ. ಯಾವ ಟೇಬಲ್ಲೂ ಇಲ್ದೇ ಇಷ್ಟು ಸೂಕ್ಷ್ಮ ಲೆಕ್ಕ ನಮ್ಮ ಮಕ್ಕಳು ಬಾಯಲ್ಲೇ ಮಾಡ್ತಾರೆ!

ಇಂಗ್ಲಿಷಲ್ಲಿ ಈ ಎರಡು ವಾಕ್ಯ ಹೇಗಾಗುತ್ತೆ? ಮೊದಲನೇದು “ದ ಗೆಸ್ಟ್ಸ್ ಹೂ ಕಮ್ ಫಸ್ಟ್ ಟುಮಾರೋ ವಿಲ್ ಗೆಟ್ ದ ಗುಡ್ ರೂಮ್ಸ್.” ಎರಡನೇದು “ವಿ ವಿಲ್ ಗೆಟ್ ದ ರೂಮ್ಸ್ ರೆಡಿ ಟುನೈಟ್ ಫಾರ್ ದ ಗೆಸ್ಟ್ಸ್ ಹೂ ಆರ್ ಕಮಿಂಗ್ ಟುಮಾರೋ.” ಅಲ್ಲೂ ಎರಡು ಬೇರೆ ಆಯ್ತು ನೋಡಿ, ಒಂದು ‘ಕಮ್’, ಇನ್ನೊಂದು ‘ಆರ್ ಕಮಿಂಗ್’. ಮೊದಲನೇದರಲ್ಲಿ ಯಾರು ಮೊದಲು ಬರ್ತಾರೋ ಯಾರಿಗೂ ಗೊತ್ತಿಲ್ಲ, ಎರಡನೇದರಲ್ಲಿ ಬುಕ್ ಆಗಿರೋ ಜನ, ಬರೋದು ಗ್ಯಾರಂಟಿ. ಎರಡು ಭಾಷೆ ಬೇರೆ ಬೇರೆ ದಾರಿ ಹಿಡಿದಿದ್ರೂ ಎರಡರಲ್ಲೂ ಒಂದು ವಿಷಯ ಸಮ, ‘ನಾಳೆ’ ಅಂತ ಇರೋ ಕಡೆಯೆಲ್ಲ ಭವಿಷ್ಯತ್ ಮುದ್ರೆ ಒತ್ತಲ್ಲ. ಹಾಗಾಗಿ ಹುಡುಗರಿಗೆ ನಾನು ಹೇಳೋದು, ಮೊದಲು ಕನ್ನಡದಲ್ಲಿ ಹೇಳ್ಕೊಳಿ, ಅಲ್ಲಿ ‘ಬಂದ’ ಅಂತ ಬಂದು ವಿಷಯ ನಾಳೇದಾಗಿದ್ರೆ ಇಂಗ್ಲಿಷಲ್ಲಿ ‘ಕೇಮ್’ ಬೇಡ, ‘ಕಮ್ಸ್’ ಹಾಕಿ. ಕೆಲಸ ಪೂರ್ತಿ ಮುಗಿದಿರಬೇಕು ಅನ್ನೋದನ್ನ ಒತ್ತಿ ಹೇಳಬೇಕಾದ್ರೆ ‘ಹ್ಯಾವ್’ ತನ್ನಿ, “ಬರೆದು ಮುಗಿಸಿದವರು ಹೊರಗೆ ಹೋಗ್ತಾರೆ” ಅನ್ನೋದಕ್ಕೆ “ಸ್ಟೂಡೆಂಟ್ಸ್ ಹೂ ಹ್ಯಾವ್ ಫಿನಿಶ್ಡ್ ವಿಲ್ ಲೀವ್ ದ ಹಾಲ್.” ಇಷ್ಟು ಹೇಳಿದ್ರೆ ಅವರು ಬೇಗ ಹಿಡ್ಕೋತಾರೆ, ಟೇಬಲ್ ಬಾಯಿಪಾಠ ಮಾಡಿಸೋದಕ್ಕಿಂತ ಎಷ್ಟೋ ಬೇಗ.

ಇನ್ನು ‘ಬರದ’ ಅನ್ನೋದು ನನಗೆ ಬಹಳ ಇಷ್ಟದ ರೂಪ. ಅದಕ್ಕೆ ಕಾಲವೇ ಇಲ್ಲ. ನಿನ್ನೆ ಬರದವರು, ದಿನಾ ಬರದವರು, ನಾಳೆ ಬರದವರು, ಎಲ್ಲಾ ಒಂದೇ. “ನಾಳೆ ಬರದವರಿಗೆ ಅಡ್ವಾನ್ಸ್ ವಾಪಸ್ ಇಲ್ಲ” ಅನ್ನೋದನ್ನ ಇಂಗ್ಲಿಷ್ ಮಾಡುವಾಗ ಹುಡುಗರು “ಹೂ ವಿಲ್ ನಾಟ್ ಕಮ್” ಅಂತ ಬರೀತಾರೆ, ಅದನ್ನ ಓದಿದ್ರೆ ಬರಲ್ಲ ಅಂತ ಹಟ ಹಿಡಿದಿರೋರ ಥರ ಕೇಳ್ಸುತ್ತೆ, ಮೇಲೆ ಹೇಳಿದ ಒಪ್ಪಿಗೆಯ ‘ವಿಲ್’ ಇಲ್ಲಿ ಬಂದು ಸೇರ್ಕೊಳ್ಳುತ್ತೆ. “ದೋಸ್ ಹೂ ಡು ನಾಟ್ ಕಮ್ ಟುಮಾರೋ ವಿಲ್ ನಾಟ್ ಗೆಟ್ ಎ ರಿಫಂಡ್” ಅಂದ್ರೆ ನೇರವಾಗಿ, ಮರ್ಯಾದೆಯಾಗಿ ಇರುತ್ತೆ. ಗೆಸ್ಟ್ ಜೊತೆ ವ್ಯವಹಾರ ಮಾಡೋ ಹುಡುಗರಿಗೆ ಈ ವ್ಯತ್ಯಾಸ ಬಹಳ ಮುಖ್ಯ.

ನಮ್ಮ ಕಡೆಯದೇ ಇನ್ನೊಂದು ಉದಾಹರಣೆ ಕೊಡ್ತೀನಿ. ಕಾಫಿ ತೋಟದೋರೆಲ್ಲ ಬೇಸಿಗೆ ಶುರುವಾದ ಕೂಡ್ಲೇ ಆಕಾಶ ನೋಡೋದು ಹೂಮಳೆಗೆ. ಆ ಮಳೆ ಸರಿಯಾಗಿ ಆದ್ರೆ ಗಿಡ ಹೂ ಬಿಡುತ್ತೆ, ಆಮೇಲೆ ಬ್ಯಾಕಿಂಗ್ ಮಳೆ ಬಂದ್ರೆ ಕಾಯಿ ಕಚ್ಚುತ್ತೆ. “ಮಾರ್ಚಲ್ಲಿ ಬರೋ ಮಳೆ ಮುಂದಿನ ಫಸಲು ತೀರ್ಮಾನ ಮಾಡುತ್ತೆ” ಅಂತ ಇಲ್ಲಿ ಯಾರು ಬೇಕಾದ್ರೂ ಹೇಳ್ತಾರೆ. ‘ಬರೋ’ ಅನ್ನೋದು ಪ್ರತಿ ವರ್ಷ ಬರೋದೂ ಆಗಬಹುದು, ಈ ವರ್ಷ ಇನ್ನು ಬರಬೇಕಾಗಿರೋದೂ ಆಗಬಹುದು, ಕನ್ನಡದಲ್ಲಿ ಒಂದೇ ರೂಪ ಎರಡಕ್ಕೂ ಸಾಲುತ್ತೆ. ಇಂಗ್ಲಿಷಲ್ಲೂ “ದ ರೇನ್ ದಟ್ ಕಮ್ಸ್ ಇನ್ ಮಾರ್ಚ್ ವಿಲ್ ಡಿಸೈಡ್ ದ ಕ್ರಾಪ್” ಅನ್ನೋದು ಎರಡಕ್ಕೂ ಸಾಲುತ್ತೆ. ಆದ್ರೆ ಟೇಬಲ್ ಓದಿದ ಹುಡುಗಿ ಒಬ್ಬಳು ಇದನ್ನ “ದ ರೇನ್ ವಿಚ್ ವಿಲ್ ಬಿ ಕಮಿಂಗ್ ಇನ್ ಮಾರ್ಚ್ ವಿಲ್ ಬಿ ಡಿಸೈಡಿಂಗ್” ಅಂತ ಎಳೆದಳು, ಅವಳಿಗೆ ಹೇಳ್ಕೊಟ್ಟವರು ಮುಂದಿನದಕ್ಕೆಲ್ಲ ‘ವಿಲ್ ಬಿ’ ಹಾಕಿದ್ರೆ ಸೇಫ್ ಅಂದಿದ್ರಂತೆ. ಅವಳ ಮನೇಲಿ ಕನ್ನಡದಲ್ಲಿ ದಿನಾ ಆಡೋ ಮಾತು ಅದು, ಆ ಮಾತಿನ ಸರಳತೆ ಇಂಗ್ಲಿಷಿಗೆ ಹೋಗುವಾಗ ಯಾಕೆ ಕಳೆದುಹೋಗಬೇಕು ಅಂತ ನನಗೆ ನಿಜವಾಗ್ಲೂ ಬೇಜಾರಾಯ್ತು.

ಕಾಲದ ಮಾತು ಎಷ್ಟು ದೂರ ಹೋದ್ರೂ ಈ ಲೆಕ್ಕ ಕೆಡಲ್ಲ. 2030ರಲ್ಲಿ ಹುಟ್ಟಿದ ಮಗು 2048ಕ್ಕೆ ವೋಟ್ ಹಾಕುತ್ತೆ, ನಮ್ಮಲ್ಲಿ 1989ರಿಂದ ವೋಟಿನ ವಯಸ್ಸು ಹದಿನೆಂಟು ಅಲ್ವಾ. ಕನ್ನಡದಲ್ಲಿ ‘ಹುಟ್ಟಿದ’ ಅನ್ನಬಹುದು, ‘ಹುಟ್ಟೋ’ ಅಂತಾನೂ ಅನ್ನಬಹುದು. ಇಂಗ್ಲಿಷಲ್ಲಿ “ಎ ಚೈಲ್ಡ್ ಹೂ ಈಸ್ ಬಾರ್ನ್ ಇನ್ 2030 ವಿಲ್ ವೋಟ್ ಇನ್ 2048.” ಅಲ್ಲಿ ‘ವಾಸ್ ಬಾರ್ನ್’ ಅಂತ ಹಾಕಿದ್ರೆ ಮಾತ್ರ ತಪ್ಪು.

ಇನ್ನು ಮೌಲ್ಯಮಾಪನ ಮಾಡೋ ಮೇಷ್ಟ್ರುಗಳಿಗೆ ಒಂದು ಮಾತು. ಇದರಲ್ಲಿ ಎರಡು ಥರದ ಅನ್ಯಾಯ ಆಗ್ತಿದೆ. ಒಂದು ಕಡೆ ಮಗು ಸರಿಯಾಗಿ “ದ ಟೀಮ್ ದಟ್ ವಿನ್ಸ್ ಟುಮಾರೋ ವಿಲ್ ಗೋ ಟು ಮೈಸೂರು” ಅಂತ ಬರೆದ್ರೆ ‘ಟುಮಾರೋ’ ಇದೆ ‘ವಿಲ್ ವಿನ್’ ಎಲ್ಲಿ ಅಂತ ಅಂಕ ಕಳೀತಾರೆ, ಅಂಥ ಒಂದು ಪೇಪರ್ ನನ್ನ ಕೈಗೇ ಬಂದಿತ್ತು. ಇನ್ನೊಂದು ಕಡೆ ‘ಹೂ ವಿಲ್’ ಕಂಡ್ರೆ ಸಾಕು ಹೊಡೆದುಹಾಕೋರೂ ಇದ್ದಾರೆ. ಮುಖ್ಯ ವಾಕ್ಯ ಯಾವ ಕಾಲದ್ದು, ‘ಹೂ’ ಭಾಗ ಗುರುತು ಹಿಡಿಯೋಕೆ ಬಂದಿದ್ಯೋ ಹೊಸ ಸುದ್ದಿ ಹೇಳೋಕೆ ಬಂದಿದ್ಯೋ, ಇವೆರಡು ನೋಡಿ ಅಂಕ ಹಾಕಿ ಅಂತ ಕೈ ಮುಗಿದು ಕೇಳ್ಕೋತೀನಿ. ಮನೆಮಾತಾಗಿ ಇಂಗ್ಲಿಷ್ ಆಡೋರೂ ಒಂದೊಂದ್ಸಲ ಎರಡು ‘ವಿಲ್’ ಹಾಕ್ತಾರೆ, ನಮ್ಮ ದೇಶದ ಇಂಗ್ಲಿಷಲ್ಲಂತೂ ಅದು ಮಾಮೂಲು, ಹಾಗಾಗಿ ಅದಕ್ಕೆ ಪೂರ್ತಿ ಅಂಕ ಕಳೆಯೋದು ಬೇಡ, ಪಕ್ಕದಲ್ಲಿ ಸಹಜ ರೂಪ ಬರೆದು ತೋರಿಸಿದ್ರೆ ಸಾಕು. ‘ಕೇಮ್’ ಬರೆದ್ರೆ ಮಾತ್ರ ಕೂರಿಸ್ಕೊಂಡು ಹೇಳಿ, ಅದರಿಂದ ಅರ್ಥವೇ ಬದಲಾಗುತ್ತೆ.

ಸ್ಕೂಲುಗಳಲ್ಲಿ ಕನ್ನಡ ಮೇಷ್ಟ್ರು ಕೃದಂತ ಮಾಡೋ ವಾರದಲ್ಲೇ ಇಂಗ್ಲಿಷ್ ಮೇಡಮ್ಮು ‘ಹೂ’, ‘ವಿಚ್’ ಪಾಠ ಮಾಡೋ ಹಾಗೆ ಇಬ್ಬರೂ ಮಾತಾಡ್ಕೊಂಡ್ರೆ ಎಷ್ಟು ಚೆನ್ನ. ಪಕ್ಕ ಪಕ್ಕದ ಪೀರಿಯಡ್ಡು, ಒಬ್ಬರು ಮಾಡಿದ್ದು ಇನ್ನೊಬ್ಬರಿಗೆ ಗೊತ್ತಿರಲ್ಲ, ಮಕ್ಕಳ ತಲೇಲಿ ಎರಡೂ ಬೇರೆ ಬೇರೆ ಡಬ್ಬೀಲಿ ಉಳಿಯುತ್ತೆ. ಇದಕ್ಕೆ ಸರ್ಕಾರದ ಆರ್ಡರ್ ಬೇಕಾಗಿಲ್ಲ, ಸ್ಟಾಫ್‌ರೂಮಲ್ಲಿ ಟೀ ಕುಡೀತಾ ಮುಗಿಸೋ ಮಾತು.

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ಮುಂದಿನ ಸಲ ವಿದ್ಯಾರ್ಥಿ ಪುಟಕ್ಕೆ ಟೆನ್ಸ್ ಟೇಬಲ್ ಹಾಕುವಾಗ ಅದರ ಕೆಳಗೆ ನಾಲ್ಕೈದು ನಿಜವಾದ ವಾಕ್ಯ ಹಾಕಿ, ಬಸ್ ಸ್ಟ್ಯಾಂಡಲ್ಲಿ, ಆಸ್ಪತ್ರೆ ಕೌಂಟರಲ್ಲಿ, ಹೋಂಸ್ಟೇಲಿ, ಪರೀಕ್ಷಾ ಹಾಲಲ್ಲಿ ಜನ ಬಳಸೋವು. ಎಡಗಡೆ ‘ಬಂದವರಿಗೆ’, ‘ಬರೋರಿಗೆ’, ‘ಬರದವರಿಗೆ’ ಅಂತ ಕನ್ನಡ, ಬಲಗಡೆ ಇಂಗ್ಲಿಷ್‌ನೋರು ಅದನ್ನ ಹೇಗೆ ಹೇಳ್ತಾರೆ ಅಂತ. ನಿಮಗೆ ಒಪ್ಪಿಗೆ ಇದ್ರೆ ಆ ವಾಕ್ಯಗಳನ್ನ ನಮ್ಮ ಕ್ಲಾಸಿನ ಹುಡುಗರೇ ಬರೆದು ಕಳಿಸ್ತಾರೆ, ನಾನು ತಿದ್ದಿ ಕೊಡ್ತೀನಿ, ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಮುಂಚೆ ಬಂದ್ರೆ ಈ ವರ್ಷದ ಮಕ್ಕಳಿಗೇ ಉಪಯೋಗ ಆಗುತ್ತೆ.

ಇಂತಿ,
ಇಂಗ್ಲಿಷ್ ಪಾಠ ಹೇಳೋ ಒಬ್ಬ ಓದುಗ,
ಚಿಕ್ಕಮಗಳೂರು